ಗುನುಗುವ ಸುತ್ತು

ಬೆಳಿಗ್ಗೆ ಅಂಗಳ ಗುಡಿಸಿ ನೀರು ಹೊಡೆದೆ. ಗಿರಣಿಗೆ ಹೋಗಿ ಜೋಳ ಬೀಸಿಸಿಕೊಂಡು ಬಂದೆ. ಮಿರಜಕ್ಕೆ ಒಯ್ಯುವ ಚೀಲದಲ್ಲಿ ಗಂಡನ ಎರಡು ಪೈಜಾಮ, ಟವೆಲ್, ಒಂದು ಡಬ್ಬಿ, ದವಾಖಾನೆಯ ಕಾಗದಗಳ ಫೈಲು ಇಟ್ಟೆ. ನಮ್ಮ ಕಿರಾಣಿ ಅಂಗಡಿಯ ಬಾಗಿಲಿಗೆ ‘ಬಂದ್’ ಎಂದು ಮರಾಠಿಯಲ್ಲೂ ಕನ್ನಡದಲ್ಲೂ ಬರೆದ ರಟ್ಟು ಕಟ್ಟಿದೆ. ಹಾಲು ಕಾಯಿಸಿದೆ. ಹಾರ್ಮೋನಿಯಂ ಒರೆಸಿದೆ.

ಮರುದಿನ ನನ್ನ ಗಂಡ ಆಸ್ಪತ್ರೆಗೆ ಸೇರುವವರಿದ್ದರು. ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕೆಂದು ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ಒಂದು ಹಾಡಾದರೂ ಅವರ ದನಿಯಲ್ಲಿ ಉಳಿಯಲಿ ಎಂದು ಹನ್ನೊಂದಕ್ಕೆ ಹಿಂದಿನ ಕೋಣೆಯಲ್ಲಿ ಮೂವರೂ ಸೇರಿದೆವು.

ನಮ್ಮದು ಮೂವರ ಬ್ಯಾಂಡು. ಹೀಗೆಂದರೆ ನಮ್ಮ ಜತ್ತದ ಕಡೆ ಜನ ಮದುವೆಯ ಬ್ಯಾಂಡೇ ಅಂದುಕೊಳ್ಳುತ್ತಾರೆ. ‘ವರಾತಿಗೆ ಬರ್ತೀರೇನ್ರಿ?’ ಎಂದು ಮದುವೆಯ ಮೆರವಣಿಗೆಗೆ ಕರೆದುಕೊಂಡು ಅಂಗಡಿಗೆ ಬಂದವರೂ ಇದ್ದಾರೆ. ನಾವು ಬಾರಿಸುವುದು ರಾಕ್, ಅದೂ ನಾವೇ ಕಟ್ಟಿದ ಹಾಡು. ಗಿಟಾರು ಮತ್ತು ಹಾಡು ಇವರದು. ಡ್ರಮ್ಮು ಇವರ ಸಾಲಿ ಗೆಳೆಯನದು. ಊರ ಕಿಟಕಿ, ಗೇಟುಗಳನ್ನೆಲ್ಲ ವೆಲ್ಡಿಂಗ್ ಮಾಡುವ ಅವರು ಡ್ರಮ್ಮಿನ ಪಕ್ಕದಲ್ಲಿ ಬಾರಿಸಲೆಂದು ಟ್ರ್ಯಾಕ್ಟರ್ ಟ್ರಾಲಿಯ ಹಳೆಯ ಕಬ್ಬಿಣದ ಪಟ್ಟಿಗಳನ್ನು ತೂಗುಹಾಕಿಕೊಂಡಿದ್ದರು. ನಾನು ಹಾರ್ಮೋನಿಯಂ. ಅದರೊಳಗೊಂದು ಮೈಕು ಕಟ್ಟಿ, ಗಿಟಾರಿನ ಪೆಡಲಿಗೆ ಜೋಡಿಸಿದರೆ ಲಾರಿ ಏರು ಹತ್ತಿದ ಹಾಗೆ ಸದ್ದು ಬರುತ್ತದೆ. ಸದ್ದು ಹೊರಗೆ ಹೋಗದಿರಲಿ ಎಂದು ಗೋಡೆಗೆಲ್ಲ ಮಾಡಗ್ಯಾಳದ ಕಂಬಳಿ ಹೊಡೆದಿದ್ದೆವು. ಆದರೂ ಹೋಗುತ್ತಿತ್ತು.

“ಏನವಾ, ನಿಮ್ಮ ಮನ್ಯಾಗ ಹಾಡಾಕತ್ತಾರೋ, ಗೇಟ್ ಮಾಡಾಕತ್ತಾರೋ?” ಎಂದು ನೆರೆಮನೆಯ ಮುದುಕಿ ಒಮ್ಮೆ ನನ್ನನ್ನು ಕೇಳಿದ್ದಳು.

“ಎರಡೂ ನಡದೈತಿ ಆಯಿ,” ಅಂದಿದ್ದೆ.

ನನ್ನ ಗಂಡನದೊಂದು ಪದ್ಧತಿಯಿತ್ತು. ಹಾಡು ಹದಕ್ಕೆ ಬರುವ ತನಕ ಮಾತು ಹಾಡುತ್ತಿರಲಿಲ್ಲ, ಬರೀ ಗುನುಗುತ್ತಿದ್ದರು. “ಮಾತು ದಿನಾ ಬಾಯಾಗ ಹಾಕ್ಕೊಂಡ್ರ ಸಪ್ಪಗ ಆಗ್ತಾವ,” ಎನ್ನುತ್ತಿದ್ದರು. ವಹಿಯಲ್ಲಿ ಬರೆದ ಮಾತು ವಹಿಯಲ್ಲೇ ಇರುತ್ತಿತ್ತು. ಮೂರು ವರ್ಷದಲ್ಲಿ ಏಳು ಹಾಡು ಕಟ್ಟಿದೆವು, ಏಳರ ವಾದ್ಯವೂ ಕಂಪ್ಯೂಟರಿನಲ್ಲಿದೆ. ದನಿ ಕೊನೆಗೆ ತುಂಬಿದರಾಯಿತು ಎಂದು ಬಿಟ್ಟೆವು. ಪಟ್ಟಿಯ ನಾದ ಸರಿಯಿಲ್ಲವೆಂದು ಒಮ್ಮೆ, ನನ್ನ ಹಾರ್ಮೋನಿಯಂ ತಿದಿ ಸೋರುತ್ತದೆಂದು ಒಮ್ಮೆ ಮುಂದೆ ಹಾಕಿದೆವು. ಅಷ್ಟರಲ್ಲಿ ಅವರ ದನಿ ಒಡೆಯತೊಡಗಿತು. ಅಂಗಡಿಯ ಮೆಣಸಿನಕಾಯಿ ಘಾಟು ಅಂದುಕೊಂಡು ಎರಡು ತಿಂಗಳು ಕಳೆದೆವು.

ಆ ದಿನ ಯಾವ ಹಾಡು ಎಂಬುದನ್ನು ಅವರೇ ಆರಿಸಿದರು, ವಾದ್ಯ, ದನಿ ಎರಡೂ ಒಟ್ಟಿಗೇ ಆಗಲಿ ಎಂದರು. ಗುಡ್ಡಾಪುರದ ದೇವಿಯ ಗುಡಿಗೆ ನಡೆದು ಹೊರಟ ಹೆಂಗಸೊಬ್ಬಳು ದಾರಿಯುದ್ದಕ್ಕೂ ತನ್ನೊಡನೆ ತಾನೇ ಜಗಳಾಡುವ ಹಾಡು. ಬಿಸಿನೀರು ಕುಡಿದು ಮೈಕಿನ ಮುಂದೆ ನಿಂತರು. ನಮ್ಮಲ್ಲಿ ಮೊದಲ ಸುತ್ತು ಯಾವಾಗಲೂ ಗುನುಗುವುದು. ಗೆಳೆಯರು ಕೋಲಿನಿಂದ ನಾಲ್ಕು ಎಣಿಸಿದರು, ನಾನು ತಿದಿ ಒತ್ತಿದೆ.

ಇವರು ಗುನುಗಲಿಲ್ಲ, ಹಾಡಿದರು. ಆ ಮಾತುಗಳನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ದನಿ ಒರಟಾಗಿತ್ತು, ಆದರೆ ಎಲ್ಲಿಯೂ ಕೈಕೊಡಲಿಲ್ಲ. ಎರಡನೆಯ ನುಡಿಯ ಹೊತ್ತಿಗೆ ನನ್ನ ಕಣ್ಣು ಕಂಪ್ಯೂಟರಿನ ಕಡೆ ಹೋಯಿತು. ರೆಕಾರ್ಡಿಂಗಿನ ಕೆಂಪು ದೀಪ ಹತ್ತಿರಲಿಲ್ಲ. ಕೈ ಎತ್ತಿದ್ದರೆ ಹಾಡು ನಿಲ್ಲುತ್ತಿತ್ತು. ನಿಂತ ದನಿ ಮತ್ತೆ ಏಳುತ್ತದೆಂದು ನನಗೆ ನಂಬಿಕೆಯಿರಲಿಲ್ಲ. ಎತ್ತದಿದ್ದರೆ ಏನೂ ಉಳಿಯುವುದಿಲ್ಲವೆಂದೂ ಗೊತ್ತಿತ್ತು. ನಾನು ತಿದಿ ಒತ್ತುತ್ತಲೇ ಹೋದೆ. ಕೊನೆಯ ತನಕ ಕೇಳಿದೆ.

ಹಾಡು ಮುಗಿದ ಮೇಲೆ ಗೆಳೆಯರು ಕಂಪ್ಯೂಟರಿನ ಹತ್ತಿರ ಹೋಗಿ ನೋಡಿದರು.

“ದೋಸ್ತ, ಬಟನ್ ಒತ್ತಿಲ್ಲೋ ನಾ. ಮೊದಲನೇ ಸುತ್ತು, ಗುನುಗ್ತಿ ಅಂತ ತಿಳ್ಕೊಂಡೆ.”

“ನಾನೂ ಗುನುಗಾಕಂತನ ಬಾಯಿ ತಗದಿದ್ದೆ,” ಅಂದರು ಇವರು. “ಮಾತು ತಾವ ಬಂದ್ವು.”

“ನನಗ ಬೈಯಿ. ಒಂದೆರಡು ಬೈದುಬಿಡು.”

“ಹೋಗಲೇ ಉಸ್ತಾದ. ಇಷ್ಟ ವರ್ಷದಾಗ ಇವತ್ತ ಒಂದ ದಿನ ತಾಳ ಬರೋಬರ್ ಹಿಡದೀ. ಬೈದು ಅದನ್ನೂ ಕೆಡಸ್ಲ್ಯಾ?”

ಗೆಳೆಯರು ನಗಲಿಲ್ಲ. ದೀಪದ ವಿಷಯ ನಾನು ಬಾಯಿಬಿಡಲಿಲ್ಲ. ಆ ತಪ್ಪನ್ನು ಅವರೊಬ್ಬರೇ ಹೊತ್ತುಕೊಂಡು ಕೂತಿದ್ದನ್ನು ನೋಡಿಯೂ ಹೇಳಲಿಲ್ಲ. ಇಂದಿನವರೆಗೂ ಅವರಿಗೆ ಹೇಳಿಲ್ಲ.

ಎರಡನೆಯ ಸಲ ದೀಪ ಹತ್ತಿದೆಯೋ ಇಲ್ಲವೋ ಎಂದು ಗೆಳೆಯರು ಎರಡೆರಡು ಬಾರಿ ನೋಡಿದರು. ನಾಲ್ಕು ಸಾಲು ಬಂದವು. ಐದನೆಯದರಲ್ಲಿ ದನಿ ಏರಬೇಕಾದ ಕಡೆ ಬರೀ ಗಾಳಿ ಬಂತು. ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ನಿಂತರು. ಅಷ್ಟೂ ಬರಲಿಲ್ಲ.

“ವೈನಿ,” ಗೆಳೆಯರು ನನ್ನ ಕಡೆ ತಿರುಗಿದರು, “ಮಾತು ವಹಿಯಾಗ ಅದಾವ. ಉಳದದ್ದು ನೀವ ಹಾಡ್ರಿ.”

“ನಾ ಒಲ್ಲೆರಿ.”

“ಹಂಗಲ್ರಿ, ಹಾಡು ಪೂರಾ ಆಗಬೇಕಲ್ರಿ?”

“ಒತ್ತಾಯ ಮಾಡಬ್ಯಾಡೋ ಅಕಿಗೆ,” ಅಂದರು ಇವರು. ಈಗ ಪಿಸುಮಾತು ಮಾತ್ರ ಉಳಿದಿತ್ತು. “ನಾಕ ಸಾಲ ಇರಲಿ. ಮುಂದ ನೀವಿಬ್ಬರೂ ಬಾರಿಸ್ಕೋತ ಹೋಗ್ರಿ.”

ಹಾಗೆಯೇ ಬಾರಿಸಿದೆವು. ಅವರು ಗಿಟಾರು ಕೆಳಗಿಟ್ಟು, ಕಂಬಳಿಗೆ ಒರಗಿ ಕೂತು ಕೇಳಿದರು. ಮೊದಲ ಸುತ್ತಿನಲ್ಲಿ ಅವರು ಉಸಿರು ತೆಗೆದುಕೊಂಡಿದ್ದ ಕಡೆಯಲ್ಲೆಲ್ಲ ನಾನೂ ತಿದಿಯನ್ನು ಸ್ವಲ್ಪ ಸಡಿಲ ಬಿಟ್ಟೆ.

ಸಂಜೆ ರೊಟ್ಟಿ ಬಡಿದೆ. ಇವರಿಗೆ ರೊಟ್ಟಿ ಇಳಿಯುತ್ತಿರಲಿಲ್ಲ, ಜೋಳದ ನುಚ್ಚು ತೆಳ್ಳಗೆ ಕುದಿಸಿ ಹಾಲು ಹಾಕಿ ಕೊಟ್ಟೆ. ನನಗೂ ಗೆಳೆಯರಿಗೂ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಬೆಳಿಗ್ಗೆ ಮಿರಜಕ್ಕೆ ಜೀಪು ತಾವೇ ಹೊಡೆಯುವವರಿದ್ದುದರಿಂದ ಗೆಳೆಯರು ನಮ್ಮಲ್ಲೇ ಉಳಿದರು. ತಟ್ಟೆ ಮುಟ್ಟದೆ ಕೂತಿದ್ದರು. ಇವರು ರೊಟ್ಟಿ ಮುರಿದು, ಪಲ್ಯ ಹಚ್ಚಿ ಕೈಗೆ ಕೊಟ್ಟ ಮೇಲೆ ಗೆಳೆಯರು ಒಂದೂವರೆ ರೊಟ್ಟಿ ತಿಂದರು. ಎಂಟೂವರೆಗೆ ಇವರೇ ಮೊದಲು ಮಲಗಿದರು, ಲಗೂನೆ ನಿದ್ದೆ ಹತ್ತಿತು. ಆಮೇಲೆ ನಾನು. ಗೆಳೆಯರು ಇನ್ನೂ ಕಟ್ಟೆಯ ಮೇಲೆ ಕೂತಿದ್ದರು.