ಬಳೆ ಹೆಚ್ಚಾದ ಮಧ್ಯಾಹ್ನ

ಪ್ರಶ್ನೆ ಕೇಳುವವರೆಂದರೆ ನನಗೆ ಭಯ. ಹದಿನಾಲ್ಕು ವರ್ಷದಿಂದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿರುವವನು ಇಂಥ ಮಾತನ್ನು ಬಾಯಿಬಿಟ್ಟು ಹೇಳಬಾರದು. ಆದರೆ ನಿಮ್ಮ ಮುಂದೆ ಮುಚ್ಚುಮರೆ ಏನು? ತರಗತಿಯಲ್ಲಿ ಪ್ರಶ್ನೆ ಕೇಳುವವನು ನಾನು. ಉತ್ತರ ನನ್ನ ಕೈಯ ಗೈಡಿನಲ್ಲಿ ಭದ್ರವಾಗಿರುತ್ತದೆ. ಈ ಸುಖದ ಏರ್ಪಾಡು ಹಿರೇಹಂದಿಗೋಳದ ಶಾಲೆಯಿಂದ ನಾನು ಬೈಕು ಹತ್ತಿ ಬೆಟಗೇರಿಯ ನಮ್ಮ ಓಣಿಗೆ ಬರುವ ತನಕ ಮಾತ್ರ. ಬಾಗಿಲಲ್ಲಿ ಎರಡೂವರೆ ವರ್ಷದ ನನ್ನ ಮಗಳು ಗೌರಿ ನಿಂತಿರುತ್ತಾಳೆ.

"ಪಪ್ಪಾ, ಚಪ್ಪಲಿ ಯಾಕ ಎರಡ?"

"ಕಾಲು ಎರಡ ಅದಾವಲ್ಲವ್ವಾ, ಅದಕ್ಕ."

"ಕಾಲು ಯಾಕ ಎರಡ?"

ಇಲ್ಲಿಗೆ ಗೈಡು ಮುಗಿಯುತ್ತದೆ. ನಾನು "ಒಳಗ ನಡಿ, ಆಯಿ ಕರ್ಯಾಕತ್ತಾಳ" ಎಂದು ನನ್ನ ಅವ್ವನ ಹೆಸರು ಹೇಳಿ ಪಾರಾಗುತ್ತೇನೆ. ಆಯಿ ಎಂದರೆ ಗೌರಿಗೆ ಅಜ್ಜಿ. ಅವಳು ಕರೆದಿರುವುದಿಲ್ಲ. ಕರೆಯದಿದ್ದರೂ ಗೌರಿ ಹೋಗುತ್ತಾಳೆ, ಅವ್ವನೂ ಕರೆದವಳ ಹಾಗೆಯೇ ಎತ್ತಿಕೊಳ್ಳುತ್ತಾಳೆ. ಹೀಗೆ ಒಂದು ಸುಳ್ಳು ದಿನಕ್ಕೆ ಹತ್ತು ಸಲ ಖರೆ ಆಗುತ್ತದೆ.

ಮುಂಡರಗಿಯಲ್ಲಿ ನನ್ನ ಅಕ್ಕನ ಮನೆ. ಆ ದಾರಿಯಲ್ಲಿ ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತು ನಿಧಾನವಾಗಿ ತಿರುಗುತ್ತಿರುತ್ತವೆ. ಬಸ್ಸಿನ ಕಿಟಕಿಗೆ ಮೂಗು ಒತ್ತಿಕೊಂಡಿದ್ದ ಗೌರಿ ಒಂದು ಸಲ, "ಗುಡ್ಡಕ್ಕ ಸೆಕಿ ಆಗೇತೇನ?" ಎಂದಳು. ನಾನು ವಿಜ್ಞಾನಿಯ ಠೀವಿಯಲ್ಲಿ ವಿವರಿಸಲು ಹೊರಟೆ. ಆ ಫ್ಯಾನು ತಿರುಗಿದರೆ ಕರೆಂಟು ಬರುತ್ತದೆ, ಆ ಕರೆಂಟಿನಿಂದ ನಮ್ಮ ಮನೆಯ ಫ್ಯಾನು ತಿರುಗುತ್ತದೆ. ಅಲ್ಲಿಗೆ ಬಂದು ನಾನೇ ನಿಂತೆ. ಒಂದು ಫ್ಯಾನು ತಿರುಗಲೆಂದು ಇನ್ನೊಂದು ಫ್ಯಾನು ಇಷ್ಟು ದೂರ, ಇಷ್ಟು ಎತ್ತರದಲ್ಲಿ, ಯಾರೂ ಕೂತಿರದ ಕಡೆ ತಿರುಗುತ್ತಿದೆಯಲ್ಲ! ಗೌರಿ ಅಷ್ಟರಲ್ಲಿ ನನ್ನ ತೋಳಿನ ಮೇಲೆ ನಿದ್ದೆ ಹೋಗಿದ್ದಳು. ನಾನು ಮುಂಡರಗಿ ಬರುವವರೆಗೂ ಸೆಕೆಯಾದ ಗುಡ್ಡವನ್ನೇ ನೋಡುತ್ತಾ ಕೂತೆ. ಮಕ್ಕಳು ಪ್ರಶ್ನೆ ಕೇಳಿ ಮಲಗಿಬಿಡುತ್ತವೆ. ಎಚ್ಚರ ಇರುವ ಕೆಲಸ ನಮ್ಮದು.

ಆದರೆ ನಾನು ಹೇಳಬೇಕೆಂದಿದ್ದು ಗುಡ್ಡದ ಸಂಗತಿಯಲ್ಲ, ಒಂದು ಮಾತಿನ ಸಂಗತಿ. ನಮ್ಮ ಅವ್ವನ ಬಾಯಲ್ಲಿ 'ಇಲ್ಲ' ಎಂಬ ಮಾತು ಬರುವುದಿಲ್ಲ. ಡಬ್ಬಿಯಲ್ಲಿ ಅಕ್ಕಿ ತೀರಿದರೆ "ಅಕ್ಕಿ ಹೆಚ್ಚಾಗ್ಯಾವ" ಎನ್ನುತ್ತಾಳೆ. ಉಪ್ಪು ಮುಗಿದರೆ ಉಪ್ಪು ಹೆಚ್ಚಾತು, ಕುಂಕುಮ ಮುಗಿದರೆ ಕುಂಕುಮ ಹೆಚ್ಚಾತು. ದೀಪ ಆರಿತು ಎನ್ನುವಂತಿಲ್ಲ, ದೊಡ್ಡದಾತು. ಕೈಯ ಬಳೆ ಒಡೆದರೂ ಒಡೆಯಿತು ಎನ್ನುವಂತಿಲ್ಲ, ಹೆಚ್ಚಾತು. ತೀರಿದ್ದನ್ನು ತೀರಿತು ಅಂದರೆ ಅದು ಕೇಳಿಸಿಕೊಂಡು ಖರೆಯೇ ತೀರಿಹೋಗುತ್ತದೆ ಎಂಬ ಅಂಜಿಕೆ ಇದರ ಹಿಂದೆ ಇದೆ. ನಾವು ಮನೆ ಬಿಟ್ಟು ಹೊರಟಾಗ 'ಬರ್ತೇನಿ' ಅನ್ನುವುದಿಲ್ಲವೇ, ಹಾಗೆ. ಅಲಂಕಾರಶಾಸ್ತ್ರದವರು ಇದಕ್ಕೆ ವಿಪರೀತ ಲಕ್ಷಣೆ ಎಂದು ಹೆಸರಿಟ್ಟು ಕೈತೊಳೆದುಕೊಂಡರು. ಅವರು ಅಂಗಡಿಗೆ ಹೋಗಿ ಅಕ್ಕಿ ತರಬೇಕಾಗಿರಲಿಲ್ಲ.

ನನ್ನ ಹೆಂಡತಿ ತುಮಕೂರಿನ ಕಡೆಯವಳು. ಮದುವೆಯಾದ ಹೊಸದರಲ್ಲಿ ಅವ್ವ ಒಂದು ದಿನ ಲಕ್ಷ್ಮೇಶ್ವರಕ್ಕೆ ಹೊರಟವಳು ಸೊಸೆಗೆ "ಅಕ್ಕಿ ಹೆಚ್ಚಾಗ್ಯಾವ ನೋಡವ್ವಾ" ಎಂದು ಹೇಳಿ ಹೋದಳು. ಇವಳು ಸಂತೋಷಪಟ್ಟು ಸುಮ್ಮನಾದಳು. ಸಂಜೆ ಅವ್ವ ತಿರುಗಿ ಬರುವ ಹೊತ್ತಿಗೆ ಒಲೆಯ ಮೇಲೆ ಎಸರು ಕುದಿಯುತ್ತಿದೆ, ಡಬ್ಬಿಯಲ್ಲಿ ಒಂದು ಹಿಡಿಯಷ್ಟೂ ಅಕ್ಕಿಯಿಲ್ಲ. "ಹೆಚ್ಚಾಗಿದೆ ಅಂದ್ರಲ್ಲ ಅತ್ತೆ!" ಎಂದು ಅವಳು, "ಹೆಚ್ಚಾಗ್ಯಾವ ಅಂತ ಹೇಳಿದ್ನಲ್ಲವ್ವಾ!" ಎಂದು ಅವ್ವ. ಇಬ್ಬರೂ ಒಂದೇ ಮಾತು ಆಡಿ ಅರ್ಧ ತಾಸು ಜಗಳವಾಡಿದರು. ಅವಳ ಕಡೆಯಲ್ಲೂ ಹಳಬರು ಕುಂಕುಮಕ್ಕೆ ಹೀಗೆ ಅನ್ನುವುದುಂಟಂತೆ, ಆದರೆ ಅದು ಅಕ್ಕಿಯ ಡಬ್ಬಿಯವರೆಗೆ ಬಂದಿರಲಿಲ್ಲ. ಆ ರಾತ್ರಿ ನಾವು ರೊಟ್ಟಿ ಉಂಡೆವು.

ಗೌರಿಗೆ ಈ ಮಾತು ಸಲೀಸಾಗಿ ಹತ್ತಿತು. ಬಿಸ್ಕೀಟಿನ ಪುಡಿಕೆ ಬರಿದಾದರೆ ಹೆಚ್ಚಾತು. ಚಂದ್ರ ಮೋಡದ ಹಿಂದೆ ಸರಿದರೆ ಹೆಚ್ಚಾತು. ಲಕ್ಕುಂಡಿಯ ಬಾವಿಯೊಂದಕ್ಕೆ ಕರೆದುಕೊಂಡು ಹೋಗಿದ್ದಾಗ ಒಣಗಿದ ಮೆಟ್ಟಿಲುಗಳನ್ನು ಇಣುಕಿ ನೋಡಿ, "ನೀರು ಹೆಚ್ಚಾತೂ!" ಎಂದು ಕೂಗಿಬಿಟ್ಟಳು. ಪಕ್ಕದಲ್ಲಿ ಫೋಟೋ ತೆಗೆಯುತ್ತಿದ್ದ ಪರವೂರಿನವನೊಬ್ಬ ಗಾಬರಿಯಾಗಿ ತನ್ನ ಮಗುವನ್ನು ಎತ್ತಿಕೊಂಡು ನಾಲ್ಕು ಮೆಟ್ಟಿಲು ಮೇಲೆ ಓಡಿದ. ನಾನು ಸಮಜಾಯಿಷಿ ಕೊಡಬಹುದಿತ್ತು, ಕೊಡಲಿಲ್ಲ. ಮೇಷ್ಟ್ರಿಗೂ ಅಪರೂಪಕ್ಕೆ ಒಂದು ಚೇಷ್ಟೆ ಬೇಕು.

ಇನ್ನೊಂದು ವಿಷಯವನ್ನೂ ಅವಳು ತಾನೇ ಕಂಡುಹಿಡಿದಿದ್ದಳು. ಆಯಿ 'ಹೆಚ್ಚಾತು' ಅಂದ ಮರುದಿನ ಆ ಸಾಮಾನು ಹೊಸದಾಗಿ ಮನೆಗೆ ಬರುತ್ತದೆ. ಅಕ್ಕಿ ಬರುತ್ತದೆ, ಬಿಸ್ಕೀಟು ಬರುತ್ತದೆ, ಚಂದ್ರನೂ ಬರುತ್ತಾನೆ.

ಈ ಬೇಸಿಗೆ ರಜೆಯ ಒಂದು ಮುಂಜಾನೆ ಅವ್ವ ಅಂಗಳದಲ್ಲಿ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಗೌರಿ ಅವಳ ಮುಂಗೈ ಹಿಡಿದು ಮೇಲೆ ಕೆಳಗೆ ತಿರುಗಿಸಿ ನೋಡಿದಳು. ತನ್ನ ಕೈಯಲ್ಲಿ ಬಳೆ ಇವೆ, ಮಮ್ಮಿಯ ಕೈಯಲ್ಲಿ ಇವೆ.

"ಆಯಿ, ನಿನ್ನ ಬಳಿ ಎಲ್ಲಿ?"

ಅವ್ವ ಮೊರ ನಿಲ್ಲಿಸಲಿಲ್ಲ. "ಹೆಚ್ಚಾಗ್ಯಾವವ್ವಾ" ಎಂದಳು.

ನಾನು ಅಲ್ಲೇ ಕಟ್ಟೆಯ ಮೇಲೆ ಪೇಪರು ಓದುತ್ತಿದ್ದೆ. ಪೇಪರನ್ನು ಇನ್ನೂ ಸ್ವಲ್ಪ ಮೇಲಕ್ಕೆ ಹಿಡಿದೆ.

ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ಆರು ತಿಂಗಳ ಮೇಲೆ ಗೌರಿ ಹುಟ್ಟಿದಳು. ಅಪ್ಪ ಹೋದ ದಿನ ಓಣಿಯ ಹಿರಿಯ ಹೆಂಗಸರು ಅವ್ವನನ್ನು ಒಳಗೆ ಕರೆದೊಯ್ದರು. ಆಕೆ ಹೊರಗೆ ಬಂದಾಗ ಮೊಣಕೈತನಕ ಸದ್ದು ಮಾಡುತ್ತಿದ್ದ ಕೈಗಳಲ್ಲಿ ಏನೂ ಇರಲಿಲ್ಲ. ನಾನು ಆಗ ಅಂಗಳದಲ್ಲಿ ಪೆಂಡಾಲಿನವನ ಜೊತೆ ಮಾತಾಡುತ್ತಿದ್ದೆ. ಸಮಾಜ ಸುಧಾರಣೆಯ ಪಾಠ ಬಂದರೆ ನಲವತ್ತು ನಿಮಿಷ ಗಂಟಲು ಹರಿಯುವಂತೆ ಭಾಷಣ ಮಾಡುವ ಮನುಷ್ಯ ನಾನು. ಕಣ್ಣಲ್ಲಿ ನೀರೂ ತರಿಸುತ್ತೇನೆ. ಅಂಥವನು ಮನೆಯಲ್ಲಿ ಮೂರು ವರ್ಷ ಪೇಪರು ಓದಿದೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ.

ಅವತ್ತೇ ಮಧ್ಯಾಹ್ನ ಹುಸೇನಸಾಬ ಬಂದರು. ಶಿರಹಟ್ಟಿಯವರು. ಹಿಂದೆ ಹೆಗಲ ಮೇಲೆ ಬಳೆಯ ಮಲಾರ ಹೊತ್ತು ಓಣಿ ಓಣಿ ತಿರುಗುತ್ತಿದ್ದರು, ಈಗ ಸ್ಕೂಟಿಯ ಹಿಂದೆ ಗಾಜಿನ ಮುಚ್ಚಳದ ಪೆಟ್ಟಿಗೆ ಕಟ್ಟಿಕೊಂಡು ಬರುತ್ತಾರೆ. ಮೂವತ್ತು ವರ್ಷ ಅವ್ವನ ಕೈಗೆ ಬಳೆ ಇಡಿಸಿದವರು ಅವರೇ. ನಮ್ಮ ಕಡೆ ಬಳೆಗಾರನೆಂದರೆ ತವರಿನ ಅಣ್ಣನಿದ್ದ ಹಾಗೆ. ಇಡಿಸಿಕೊಂಡ ಮೇಲೆ ಹೆಣ್ಣುಮಕ್ಕಳು ಆತನಿಗೆ ನಮಸ್ಕಾರ ಮಾಡಬೇಕು, ಆತ ಹರಸಬೇಕು. ಮೂರು ವರ್ಷದಿಂದ ಮಾತ್ರ ಓಣಿಯ ತುದಿಯಲ್ಲಿ "ಬಳೀ" ಎಂಬ ಕೂಗು ಕೇಳಿದರೆ ಅವ್ವನಿಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಅವತ್ತೂ ನೆನಪಾಯಿತು.

ಕರೆಂಟು ಹೋಗಿತ್ತು. ಓಣಿಯ ಕೊನೆಯ ಮಗ್ಗದ ಸದ್ದೂ ನಿಂತು, ಇಡೀ ಬೆಟಗೇರಿ ತೂಕಡಿಸುತ್ತಿತ್ತು. ಹುಸೇನಸಾಬ ಬಾಗಿಲಲ್ಲಿ ಪೆಟ್ಟಿಗೆ ಇಳಿಸಿದರು. ಬಿಸಿಲು ಗಾಜಿನ ಮುಚ್ಚಳದೊಳಗೆ ಹೊಕ್ಕು ಬಳೆಗಳ ಮೂಲಕ ಹಾದು ನಮ್ಮ ಪಡಸಾಲೆಯ ಕಲ್ಲುಹಾಸಿನ ಮೇಲೆ ಕೆಂಪು, ನೀಲಿ, ಹಳದಿಯಾಗಿ ಬಿದ್ದಿತು. ಗೌರಿ ನೆಲದಿಂದ ಬಣ್ಣ ಹೆಕ್ಕಲು ಕೂತಳು. ಬೆರಳಿಗೆ ಬಂದ ನೀಲಿ ಮುಷ್ಟಿ ಮುಚ್ಚಿದೊಡನೆ ಮುಷ್ಟಿಯ ಮೇಲೆ ಬಂದು ಕೂಡುತ್ತಿತ್ತು. ಎಷ್ಟೋ ಹೊತ್ತು ಹಾಗೆ ಆಡಿದಳು. ನಾನೂ ಅರೆನಿದ್ದೆಯಲ್ಲಿ ನೋಡುತ್ತಿದ್ದೆ. ಆಗ ಅವಳಿಗೆ ಥಟ್ಟನೆ ಏನೋ ನೆನಪಾಯಿತು.

"ಬಳಿ ಅಜ್ಜಾ, ನಮ್ಮ ಆಯೀವು ಬಳಿ ಹೆಚ್ಚಾಗ್ಯಾವ! ಜಲ್ದಿ ಹೊಸಾವ ಕೊಡು."

ವ್ಯಾಕರಣದಲ್ಲಿ ಹುಡುಗಿಯದು ಏನೂ ತಪ್ಪಿರಲಿಲ್ಲ. ಅವ್ವ ಕಲಿಸಿದ ಮಾತನ್ನು ಅವ್ವ ಕಲಿಸಿದ ಅರ್ಥದಲ್ಲಿ, ಹೇಳಬೇಕಾದವರಿಗೇ ಹೇಳಿದ್ದಳು. ಬಳೆ ಹೆಚ್ಚಾದವೆಂದರೆ ಹೊಸವು ಇಡಿಸಬೇಕು, ಅಷ್ಟೆ. ಅಡುಗೆಮನೆಯ ಬಾಗಿಲಲ್ಲಿ ಅವ್ವ ಬಂದು ನಿಂತಿದ್ದಳು.

"ಹುಚ್ಚ ಕೂಸದು, ಅದಕ್ಕೇನ ತಿಳೀತೈತಿ? ನೀ ಹೋಗಪಾ ಹುಸೇನಸಾಬ, ಬಿಸಲಾಗ್ತೈತಿ."

ಹುಸೇನಸಾಬ ಏಳಲಿಲ್ಲ. ಪೆಟ್ಟಿಗೆಯ ಮುಚ್ಚಳವನ್ನು ಅಂಗಿಯ ತುದಿಯಿಂದ ಒರೆಸಿದರು. "ಅಕ್ಕಾರ, ಮೂವತ್ತು ವರ್ಷ ಆತು. ಈ ಮನ್ಯಾಗ ಬಳಿ ಹೆಚ್ಚಾಗ್ಯಾವ ಅಂತ ಕರದ ಮ್ಯಾಲ ನಾ ಒಮ್ಮಿನೂ ಹಂಗ ಹೋಗಿಲ್ರಿ" ಎಂದರು.

"ಮಂದಿ ಏನಂದಾರು?"

"ಮಂದಿ ಕರದಿಲ್ರಿ. ಕೂಸು ಕರದೈತಿ."

ಗೌರಿ ಓಡಿಹೋಗಿ ಅವ್ವನ ಬೆರಳು ಹಿಡಿದು ಎಳೆಯತೊಡಗಿದಳು. ಅವ್ವ ಎರಡು ಹೆಜ್ಜೆ ಬಂದು ನಿಂತಳು. ನಿಂತು ನನ್ನ ಕಡೆ ನೋಡಿದಳು. ಅದು ಪ್ರಶ್ನೆ ಎಂದು ನನಗೆ ತಿಳಿಯಿತು. ಮನೆಯ ಹಿರಿಯ ಗಂಡಸು ಈಗ ನಾನೇ, ನಾನು ಒಂದು ಮಾತು ಆಡಿದರೆ ಸಾಕಿತ್ತು. 'ಹೂಂ' ಅಂದರೂ ಸಾಕಿತ್ತು. ನಾನು ಎದ್ದು, "ನೀರು ಕುಡೀತೀರೇನ್ರಿ ಕಾಕಾ?" ಎಂದು ಕೇಳಿ ಒಳಗೆ ಹೋದೆ. ಮಣ್ಣಿನ ಹರವಿಯಿಂದ ನೀರು ತುಂಬಿಕೊಳ್ಳುವುದಕ್ಕೆ ಒಬ್ಬ ಮನುಷ್ಯ ಎಷ್ಟು ಹೊತ್ತು ಹಿಡಿಸಬಹುದೋ ಅಷ್ಟೂ ಹಿಡಿಸಿದೆ.

ಚರಿಗೆ ಹಿಡಿದು ಹೊರಗೆ ಬಂದಾಗ ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ಹಾಸಿದವಳು ನನ್ನ ಹೆಂಡತಿ. ಅವ್ವ ಅದರ ಮೇಲೆ ಕೂತು ಕೈ ಮುಂದೆ ಮಾಡಿದ್ದಳು. ಅವಳನ್ನು ಕೂಡಿಸಿದ್ದು ಯಾವ ಮಾತು, ಯಾರು ಆಡಿದ್ದು, ನನಗೆ ಇಂದಿಗೂ ಗೊತ್ತಿಲ್ಲ.

"ಹಸರ ಬ್ಯಾಡ" ಎಂದಳು ಅವ್ವ ಮೆಲ್ಲಗೆ.

"ಯಾಕ?" ಎಂದಳು ಗೌರಿ.

"ಹಸರ ಪೆಟಿಗ್ಯಾಗ ತಳಕ್ಕ ಅದಾವ ತಂಗಿ, ತಗ್ಯಾಕ ವ್ಯಾಳ್ಯಾ ಹಿಡೀತೈತಿ" ಎಂದರು ಹುಸೇನಸಾಬ. ಹಸಿರು ಬಳೆಗಳು ಎಲ್ಲಕ್ಕಿಂತ ಮೇಲೆ, ನಮ್ಮೆಲ್ಲರ ಕಣ್ಣೆದುರಿಗೇ ಇದ್ದವು. "ನೀ ಇದರಾಗ ಆರಿಸು."

ಗೌರಿ ಆರಿಸಿದಳು. ಒಂದು ನೀಲಿ, ಒಂದು ಹಳದಿ, ಒಂದು ಉಳ್ಳಾಗಡ್ಡಿ ಸಿಪ್ಪೆಯ ಬಣ್ಣದ್ದು, ಇನ್ನೊಂದು ಚುಕ್ಕಿ ಚುಕ್ಕಿಯದು. ಒಂದಕ್ಕೊಂದು ಸಂಬಂಧವಿಲ್ಲ. ಹುಸೇನಸಾಬ ಅಳತೆ ಕೇಳಲಿಲ್ಲ. ಅವ್ವನ ಕೈ ಹಿಡಿದು ಬೆರಳಿನ ಬುಡವನ್ನು ಮೆತ್ತಗೆ ಒತ್ತುತ್ತಾ, ಒಂದೊಂದೇ ಬಳೆ ಸರಿಸಿದರು. ಸರಿಸುವ ಕಷ್ಟವೇ ಆಗಲಿಲ್ಲ, ಜಾರಿಕೊಂಡು ಹೋದವು.

"ಕೈ ಇಳದಾವ್ರೀ ಅಕ್ಕಾರ" ಎಂದರು.

ಅವ್ವ ಸೊರಗಿದ್ದಾಳೆಂದು ನನಗೆ ತಿಳಿದದ್ದು ಹೀಗೆ, ಬಳೆಗಾರನ ಬಾಯಿಂದ.

ನಾಲ್ಕೂ ಇಡಿಸಿದ ಮೇಲೆ ಅವ್ವ ಎರಡೂ ಕೈ ಕಣ್ಣಿಗೆ ಒತ್ತಿಕೊಂಡು ಬಾಗಿ ನಮಸ್ಕಾರ ಮಾಡಿದಳು. ಇಂಥ ಹೊತ್ತಿಗೆ ಹುಸೇನಸಾಬರ ಬಾಯಲ್ಲಿ ತಾನಾಗಿ ಬರುವ ಹರಕೆ ಒಂದಿದೆ, ಮುತ್ತೈದೆತನದ್ದು. ಅದು ತುಟಿಯವರೆಗೆ ಬಂದು ನಿಂತದ್ದು ನನಗೆ ಕಂಡಿತು. ಮುದುಕರು ಸ್ವಲ್ಪ ಹೊತ್ತು ಗೌರಿಯನ್ನು ನೋಡಿದರು.

"ಇಕಿ ಲಗ್ನದಾಗ ಬಳಿ ಇಡಸಾಂವ ನಾನ, ಅಕ್ಕಾರ. ಅಲ್ಲೀ ಮಟ ನೀವೂ ಗಟ್ಟಿರ್ರಿ, ನಾನೂ ಗಟ್ಟಿರ್ತೇನಿ."

ಅವ್ವ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಗೌರಿ ತಾನೂ ಬಾಗಿ ಬಳಿ ಅಜ್ಜನಿಗೆ ನಮಸ್ಕಾರ ಮಾಡಹೋಗಿ ಪೆಟ್ಟಿಗೆಗೆ ಹಣೆ ಬಡಿಸಿಕೊಂಡು ಅತ್ತಳು. ಕರೆಂಟು ಬಂತು. ಮಗ್ಗ ಮತ್ತೆ ಸುರುವಾಯಿತು.

ಓಣಿಯವರು ಏನಾದರೂ ಅಂದರೇ ಎಂದು ನೀವು ಕೇಳಬಹುದು. ಅಂದಿರಬೇಕು. ಎದುರು ಮನೆಯವರು ಎರಡು ದಿನ ಅವ್ವನ ಮುಖ ನೋಡುವ ಬದಲು ಕೈ ನೋಡಿ ಮಾತಾಡಿದರು. ಮೂರನೆಯ ದಿನ ಸೊಪ್ಪಿನವಳ ಜೊತೆ ಜಗಳ ಬಂದು ಎಲ್ಲರೂ ಎಲ್ಲವನ್ನೂ ಮರೆತರು.

ಬಳೆ ಇಡಿಸಿಕೊಂಡ ಮರುದಿನ ಮುಂಜಾನೆ ನಾನು ಹಾಸಿಗೆಯಲ್ಲೇ ಇದ್ದೆ. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಪಟ ಪಟ ಎಂಬ ಸದ್ದಿನ ಸಂದಿಯಲ್ಲಿ ಇನ್ನೊಂದು ಸಣ್ಣ ಸದ್ದು. ಮೊದಲು ಅದೇನೆಂದು ಹೊಳೆಯಲಿಲ್ಲ. ಹುಡುಗನಾಗಿದ್ದಾಗ ದಿನವೂ ಇದೇ ಸದ್ದಿಗೆ ನಾನು ಏಳುತ್ತಿದ್ದೆ, ಅದು ನಿಂತದ್ದನ್ನು ಮಾತ್ರ ನನ್ನ ಕಿವಿ ಗಮನಿಸಿರಲಿಲ್ಲ. ಎದ್ದು ಹೋಗಿ ಬಾಗಿಲಲ್ಲಿ ನಿಂತೆ. ಅವ್ವ ಬಳೆಗಳನ್ನು ಮೊಣಕೈಯ ಕಡೆಗೆ ತಳ್ಳಿಕೊಳ್ಳುತ್ತಿದ್ದಳು, ಅವು ಮತ್ತೆ ಹಿಟ್ಟಿಗೆ ಇಳಿಯುತ್ತಿದ್ದವು.

"ರೊಟ್ಟಿ ಬಡ್ಯಾಕ ಅಡ್ಡಾಗ್ತಾವಪಾ" ಎಂದಳು.

ನಿನ್ನೆ ನೀರಿನ ನೆಪದಲ್ಲಿ ತಪ್ಪಿಸಿಕೊಂಡದ್ದಕ್ಕೆ ಇವತ್ತಾದರೂ ಒಂದು ದೊಡ್ಡ ಮಾತು ಆಡೋಣವೆನಿಸಿತು. "ಹಂಗಾದ್ರ ತಗದಿಡಬೇ. ನಿನಗ ಬೇಕಾದ್ರ ಹಾಕ್ಕೋ, ಬ್ಯಾಡಾದ್ರ ಬಿಡು. ನಂದೇನೂ ತಕರಾರಿಲ್ಲ" ಎಂದೆ, ಉದಾರವಾಗಿ.

ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿ ನನ್ನನ್ನು ಒಂದು ಸಲ ನೋಡಿದಳು.

"ನಿನ್ನ ಯಾರ ಕೇಳಿದ್ರು?"

ಖರೆ. ಇವತ್ತು ನನ್ನನ್ನು ಯಾರೂ ಕೇಳಿರಲಿಲ್ಲ, ಕೇಳಿದ್ದು ನಿನ್ನೆ. ಮೂರು ವರ್ಷದಲ್ಲಿ ನಾನೂ ಅವಳನ್ನು ಕೇಳಿರಲಿಲ್ಲ.