ಖುದ್ದಾಗಿ ಬರಬೇಕು

ನಮ್ಮಮ್ಮನಿಗೆ ಮನೆಯಿಂದ ಒಬ್ಬಳೇ ಹೊರಡಲು ಎರಡೇ ಜಾಗಕ್ಕೆ ಪರವಾನಗಿಯಿತ್ತು, ದೇವಸ್ಥಾನ ಮತ್ತು ಲೈಬ್ರರಿ. ಲೈಬ್ರರಿಯನ್ನು ಮಂಜೂರು ಮಾಡಿದ್ದು ಅಪ್ಪನ ತಾಯಿ, ನಮ್ಮಜ್ಜಿ. ಸರಸ್ವತಿ ಪೂಜೆಯ ದಿನ ಮುಳಬಾಗಿಲಿನ ಆ ಲೈಬ್ರರಿಯಲ್ಲಿ ಪುಸ್ತಕಗಳನ್ನು ಜೋಡಿಸಿ, ಅರಿಶಿನ ಕುಂಕುಮವಿಟ್ಟು, ಅವತ್ತು ಯಾರೂ ಓದಕೂಡದು ಎನ್ನುತ್ತಿದ್ದರು. ಒಬ್ಬರೂ ಓದದೆ ಕೈಮುಗಿದು ಹೋಗುವುದನ್ನು ಕಂಡು ಅಜ್ಜಿಗೆ ಅದು ಮರ್ಯಾದಸ್ಥರ ಜಾಗ ಅನ್ನಿಸಿತ್ತು. ಹಾಗಾಗಿ ಅಮ್ಮ ದಿನಾ ಸಂಜೆ ಸೀರೆ ಬದಲಿಸಿ, ಒಂದು ಗಂಟೆ ಅಲ್ಲಿ ಕೂತು ಬರುತ್ತಿದ್ದಳು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಕ್ಕೆ, ಅಕೌಂಟೆಂಟ್ ಆಗಿದ್ದ ಅಪ್ಪ ಮನೆಗೆ ಕಂಪ್ಯೂಟರ್ ತಂದು ಇಂಟರ್ನೆಟ್ ಹಾಕಿಸಿದರು. ಅದಕ್ಕೂ ಪೂಜೆಯಾಯಿತು. ಅಮ್ಮ ಓದುವ ವಾರಪತ್ರಿಕೆಯನ್ನೇ ತೆರೆದು ತೋರಿಸಿ, "ನೋಡೇ, ಪ್ರಪಂಚಾನೇ ಮನೆಗೆ ಬಂದೈತೆ. ಇನ್ನು ಲೈಬ್ರರಿ ತಾಪತ್ರಯ ಇಲ್ಲ ನಿಂಗೆ" ಎಂದರು.

"ಹೌದಾ" ಎಂದಳು ಅಮ್ಮ, ಅಷ್ಟೇ.

ಪ್ರಪಂಚ ಮನೆಗೆ ಬಂದದ್ದರಿಂದ ಅಮ್ಮ ಮನೆಯಲ್ಲೇ ಉಳಿದಳು. ಓದಲು ಕೂತರೆ ಅಪ್ಪ ಹಿಂದೆಯೇ ನಿಂತು ಮೌಸ್ ಹಿಡಿಯುವ ಪಾಠ ಶುರುಮಾಡುವರು. ಅಜ್ಜಿ ಒಳಗಿನಿಂದ ಕಾಫಿ ಕೇಳುವಳು. ಅಮ್ಮ ಸೊರಗಿದಳು. ನನಗೆ ಅಪ್ಪನ ಮೇಲೆ ಕೆಂಡದಂಥ ಸಿಟ್ಟು, ಆದರೆ ಇಷ್ಟೊಂದು ಉಪಕಾರ ಮಾಡುವವರ ಹತ್ತಿರ ಏನಂತ ಜಗಳ ತೆಗೆಯುವುದು?

ಒಂದು ಸಂಜೆ ಲೈಬ್ರರಿ ಮೇಡಂ ನಮ್ಮನೆಗೆ ಬಂದರು. ಕೂರಿ ಎಂದರೂ ಕೂರಲಿಲ್ಲ.

"ಸಾರ್, ಮೆಂಬರ್ ಆದೋರು ಖುದ್ದಾಗಿ ಬರ್ಬೇಕು. ಬರ್ಲಿಲ್ಲ ಅಂದ್ರೆ ಮೆಂಬರ್‌ಶಿಪ್ ಕ್ಯಾನ್ಸಲ್. ರೂಲ್ಸು."

"ದಿನಾ ಬರ್ಬೇಕಾ ಮೇಡಂ?" ಎಂದರು ಅಪ್ಪ.

"ಸೋಮವಾರ ರಜಾ."

ಅಪ್ಪ ದೇವರನ್ನಾದರೂ ಪ್ರಶ್ನಿಸಿಯಾರು, ರೂಲ್ಸನ್ನಲ್ಲ. "ಹೋಗ್ಬಿಟ್ಟು ಬಾರೇ, ಇರೋ ಮೆಂಬರ್‌ಶಿಪ್ ಯಾಕೆ ಕಳ್ಕೋಬೇಕು" ಎಂದು ಅವರೇ ಅವಸರಪಡಿಸಿದರು.

ನಾನೂ ಜೊತೆಗೆ ಹೋದೆ. ಅಂಥ ರೂಲ್ಸು ನಿಜವಾಗಿಯೂ ಇದೆಯೇ ಎಂದು ದಾರಿಯಲ್ಲಿ ಮೇಡಂ ಅವರನ್ನು ಮೆಲ್ಲಗೆ ಕೇಳಿದೆ.

"ನಿಮ್ಮನೇಲಿ ಇಂಟರ್ನೆಟ್ ಐತಲ್ಲಮ್ಮ, ಹುಡುಕ್ಕೋ" ಎಂದರು.

ಅಮ್ಮ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ವಾರಪತ್ರಿಕೆಯನ್ನು ಮಡಿಲಲ್ಲಿಟ್ಟುಕೊಂಡಳು. ಬಹಳ ಹೊತ್ತಾದರೂ ಒಂದು ಪುಟ ತಿರುಗಿಸಲಿಲ್ಲ. ಓದುವುದಿಲ್ಲವಾ ಎಂದು ಕೇಳಿದೆ.

"ಓದೋದು ಮನೇಲೂ ಓದ್ಬೋದು ಕಣೇ" ಎಂದಳು. "ಇಲ್ಲಿ ಒಂದು ಗಂಟೆ ಯಾರೂ ನನ್ನ ಕರೆಯಲ್ಲ."