ಮೂರು ದಾರಿ ಕೂಡುವಲ್ಲಿ

ನನ್ನ ಮಗಳು ಸೈಕಲ್ ಓಡಿಸುವುದನ್ನು ಮೊದಲ ಸಲ ಕಣ್ಣಾರೆ ನೋಡಿದ ದಿನ ನಾನು ಕಿರುಚಿದ ರಭಸಕ್ಕೆ ಪಾರ್ಕಿನ ವಾಚ್‌ಮನ್ ಲಾಠಿ ಹಿಡಿದು ಓಡಿ ಬಂದಿದ್ದ. ಯಾರೋ ಸರ ಕಿತ್ತುಕೊಂಡು ಹೋದರು ಅಂದುಕೊಂಡನಂತೆ. ಸೈಕಲ್ ಅಂದರೆ ರಸ್ತೆಯ ಅಂಚಿನಲ್ಲಿ ಗಂಟೆ ಬಾರಿಸಿಕೊಂಡು ಹೋಗುವುದು ಎಂದು ತಿಳಿದಿದ್ದವಳು ನಾನು. ಇವಳು ಮಾಡುತ್ತಿದ್ದದ್ದೇ ಬೇರೆ.

ಮಾಕಳಿಯ ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ನೀಲಗಿರಿ, ಅಕೇಶಿಯಾ ಮರಗಳ ದೊಡ್ಡ ಪಾರ್ಕಿತ್ತು. ಮುಂದಿನ ಅರ್ಧದಲ್ಲಿ ಕಲ್ಲುಬೆಂಚು, ವಾಕಿಂಗ್ ಬರುವವರು, ಕೈ ಮೇಲೆತ್ತಿ ಹಹ್ಹಹ್ಹಾ ಎಂದು ನಗುವ ಗುಂಪು. ಹಿಂದಿನ ಅರ್ಧ ಬರೀ ಕಾಡು, ಅದರ ನಡುವೆ ಒಂದು ಬಂಡೆಗುಡ್ಡ. ಆ ಗುಡ್ಡದ ನೆತ್ತಿಯಿಂದ ಬೇರು, ಕಲ್ಲು, ಕೊರಕಲು ಏನನ್ನೂ ಲೆಕ್ಕಿಸದೆ ದಪ್ಪ ಟೈರಿನ ಸೈಕಲ್ಲಿನಲ್ಲಿ ಇಳಿದು ಬರುವುದು ಇವಳ ಮತ್ತು ಇವಳ ಜೊತೆಯವರ ಆಟ. ಸೈಕಲ್ಲು ಓಡಿ ಓಡಿ ಅಲ್ಲೊಂದು ಕಿರುದಾರಿಯೇ ಸವೆದಿತ್ತು. ಅದನ್ನು ಅವರು ಟ್ರೇಲ್ ಎನ್ನುತ್ತಿದ್ದರು. ನಾನು ಮೂಳೆ ಮುರಿಯುವ ದಾರಿ ಎನ್ನುತ್ತಿದ್ದೆ.

ಮಗಳು ಆಗ ಒಂಬತ್ತನೇ ಕ್ಲಾಸು. ರಾಜ್ಯದ ಕಿರಿಯರ ತಂಡಕ್ಕೆ ಆಯ್ಕೆ ದಸರಾ ಮುಗಿದ ವಾರದಲ್ಲೇ ಇತ್ತು. ಅವಳ ಅಪ್ಪನದು ಒಂದೇ ಮಾತು: ಈ ಸಲ ತಂಡಕ್ಕೆ ಸೇರಿದರೆ ಸೈಕಲ್ ಇರುತ್ತದೆ, ಇಲ್ಲದಿದ್ದರೆ ಎಸ್ಸೆಸ್ಸೆಲ್ಸಿ ಶುರುವಾಗುವ ಮೊದಲು ಮಾರಿಬಿಡುವುದು. ಪೀಣ್ಯದಲ್ಲಿ ನಾಲ್ಕು ಲೇತ್ ಮೆಷಿನ್ ಇಟ್ಟುಕೊಂಡು ಒದ್ದಾಡುವ ಮನುಷ್ಯ, ಮಾತು ಕೊಟ್ಟರೆ ಕೊಟ್ಟ ಹಾಗೆ, ಬಗ್ಗುವವರಲ್ಲ. ನಾನೂ ಒಳಗೊಳಗೇ ಅವರ ಕಡೆಯೇ ಇದ್ದೆ. ಇಷ್ಟಾದರೂ ಒಂದು ಅವಕಾಶ ಸಿಕ್ಕಿದ್ದು ನನ್ನ ಮಾವನವರಿಂದ. ಹಾವೇರಿ ಕಡೆಯವರು, ನಮ್ಮ ಜೊತೆಗೇ ಇದ್ದರು. ಹಣೆ ತುಂಬ ವಿಭೂತಿ, ಬಿಳೀ ಧೋತರ, ಮೊಮ್ಮಗಳ ವಿಷಯಕ್ಕೆ ಬಂದರೆ ಯಾರನ್ನೂ ಬಿಡುತ್ತಿರಲಿಲ್ಲ. ಊಟಕ್ಕೆ ಕೂತಾಗ ಮಗನನ್ನು ದಬಾಯಿಸಿ, ಒಂದು ವರ್ಷ ಹುಡುಗಿಯನ್ನು ಅವಳ ಪಾಡಿಗೆ ಬಿಡು ಎಂದು ಒಪ್ಪಿಸಿದವರು ಅವರೇ. ಬೆಳಗ್ಗೆ ಅವಳ ಜೊತೆ ಪಾರ್ಕಿಗೂ ಹೋಗುತ್ತಿದ್ದರು. ಗುಡ್ಡದ ಬುಡದಲ್ಲಿ ನಿಂತು, ಇವಳು ಮರಗಳ ಮಧ್ಯದಿಂದ ಹೊರಬಿದ್ದ ಕೂಡಲೇ ಚಪ್ಪಾಳೆ ತಟ್ಟುವುದು ಅವರ ಕೆಲಸ.

ಅವರಿಗೆ ಇದ್ದದ್ದು ಒಂದೇ ಭಯ, ದೃಷ್ಟಿ. ಬೀಳುತ್ತಾಳೆ ಎಂದಲ್ಲ, ಜನ ನೋಡುತ್ತಾರೆ ಎಂದು. ಚೂಡಿದಾರ ಹಾಕಿಕೊಂಡು ವಾಕಿಂಗ್ ಮಾಡುವ ಹೆಂಗಸರೆಲ್ಲ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಾರೆ, ಇಷ್ಟು ಕಣ್ಣು ಬಿದ್ದರೆ ಕೂಸು ಹೇಗೆ ತಡೆದುಕೊಳ್ಳಬೇಕು ಎಂದು ನನ್ನ ಹತ್ತಿರ ಗೊಣಗುತ್ತಿದ್ದರು. ನಾನು ನಕ್ಕು ಸುಮ್ಮನಾಗುತ್ತಿದ್ದೆ.

ಆಯುಧಪೂಜೆಯ ದಿನ ನಮ್ಮ ಕಡೆಯ ರಸ್ತೆಗಳು ಹೇಗಿರುತ್ತವೆ ಎಂದು ಗೊತ್ತಲ್ಲ. ಪೀಣ್ಯದಲ್ಲಂತೂ ಒಂದೊಂದು ಶೆಡ್ಡಿನ ಮುಂದೆಯೂ ಬೂದುಗುಂಬಳಕಾಯಿ ಒಡೆದು ಹರಡಿರುತ್ತದೆ. ತೂತು ಕೊರೆದು ಒಳಗೆ ಕುಂಕುಮ, ಚಿಲ್ಲರೆ ತುಂಬಿ, ಮೇಲೆ ಕರ್ಪೂರ ಹಚ್ಚಿ, ಇಳಿ ತೆಗೆದು ಢಬ್ ಎಂದು ನೆಲಕ್ಕೆ ಅಪ್ಪಳಿಸುವುದು. ಬೈಕಿನವರು ಜಾರಿ ಬೀಳುತ್ತಾರೆ, ಪೇಪರಿನಲ್ಲಿ ಬರುತ್ತದೆ, ಮುಂದಿನ ವರ್ಷ ಮತ್ತೆ ಒಡೆಯುತ್ತೇವೆ. ಅಂದು ಬೆಳಗ್ಗೆ ನಾನು ಎದ್ದು ನೋಡುವಷ್ಟರಲ್ಲಿ ಮಾವ ಮನೆಯಲ್ಲಿರಲಿಲ್ಲ. ಮಗನ ಶೆಡ್ಡಿನ ಪೂಜೆಗೆ ಬೇಗ ಹೊರಟಿರಬೇಕು ಅಂದುಕೊಂಡೆ. ಮಗಳಿಗೆ ಆಯ್ಕೆಗೆ ಮೊದಲು ಕೊನೆಯ ಅಭ್ಯಾಸ. ಸೈಕಲ್ಲಿಗೆ ಚೆಂಡುಹೂವು ಕಟ್ಟಿ, ಚಕ್ರಕ್ಕೆ ನಿಂಬೆಹಣ್ಣು ಹಾಯಿಸಿ, ಇಬ್ಬರೂ ಪಾರ್ಕಿಗೆ ಹೋದೆವು.

ಅವಳಿಗೆ ಕಲಿಸುತ್ತಿದ್ದ ಹುಡುಗ, ಯಾವುದೋ ಕಂಪನಿಯಲ್ಲಿ ಕೆಲಸ ಮಾಡಿಕೊಂಡು ಬಿಡುವಿನಲ್ಲಿ ಬರುತ್ತಿದ್ದವನು, ಬುಡದಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತಿದ್ದ. ನಾನು ಅವನ ಪಕ್ಕದಲ್ಲಿ. ಮೇಲಿನಿಂದ ಚಕ್ರದ ಸದ್ದು ಬಂತು. ಒಣ ಎಲೆಯ ಮೇಲೆ ಸರ್ರನೆ ಬಂದ ಸದ್ದು ಇದ್ದಕ್ಕಿದ್ದಂತೆ ನಿಂತೇಹೋಯಿತು. ಆಮೇಲೆ ಧಡ್ ಎಂದು ಒಂದೇ ಸದ್ದು. ಅವಳ ದನಿ ಮಾತ್ರ ಇಲ್ಲ. ಚಪ್ಪಲಿ ಎಲ್ಲಿ ಬಿಟ್ಟೆನೋ, ಸೀರೆ ಎತ್ತಿ ಕಟ್ಟಿ ಆ ಕಲ್ಲುದಾರಿ ಹತ್ತಿದೆ.

ಮೂರು ಕಾಲುದಾರಿ ಕೂಡುವ ಒಂದು ತಿರುವಿದೆ ಅಲ್ಲಿ, ಕೆಳಗೆ ಚಪ್ಪಟೆ ಬಂಡೆ. ಅವಳು ಆ ಬಂಡೆಯ ಮೇಲೆ ಬಿದ್ದಿದ್ದಳು. ಮುಖ, ಕತ್ತು, ಅಂಗಿಯೆಲ್ಲ ಕೆಂಪೋ ಕೆಂಪು. ಆ ಹುಡುಗ ಬಗ್ಗಿ ಅವಳ ಕೆನ್ನೆ ಒರೆಸಿ ನೋಡಿದ.

“ಆಂಟಿ, ರಕ್ತ ಅಲ್ಲ. ಕುಂಕುಮ.”

ಅಲ್ಲೇ ಅವಳ ಪಕ್ಕ ಕೂತೆ. ನಗು ಬಂತು, ನಿಜವಾಗಿ ನಗು ಬಂತು. ಮಗಳೂ ಕಣ್ಣು ಬಿಟ್ಟಳು. ಏಳು ಎಂದು ಕೈ ಹಿಡಿದು ಎತ್ತಲು ಹೋದರೆ ಅವಳು ಹಲ್ಲು ಕಚ್ಚಿದಳು. ಎಡ ಭುಜ ಇಳಿದುಹೋಗಿತ್ತು. ಕತ್ತಿನ ಕೆಳಗೆ ಒಂದು ಕಡೆ ಮೂಳೆ ಚರ್ಮವನ್ನು ಒಳಗಿನಿಂದ ಎತ್ತಿ ಹಿಡಿದಿತ್ತು. ಸುತ್ತ ನೋಡಿದೆ. ಬಂಡೆಯ ತುಂಬ ಕುಂಬಳಕಾಯಿಯ ತಿರುಳು, ನೀರು, ಚಿಲ್ಲರೆ. ಆಗ ನನಗೆ ಬಂದ ಸಿಟ್ಟು! ಯಾವ ದರಿದ್ರದವನು, ಯಾವ ಮನೆಹಾಳ, ಅವನ ಕೈಗೆ ಕರಿನಾಗರ ಕಚ್ಚ, ರಸ್ತೆ ಸಾಲದೆ ಕಾಡಿಗೂ ಬಂದು ಒಡೆಯಬೇಕಾ ಎಂದು ಬಾಯಿಗೆ ಬಂದದ್ದೆಲ್ಲ ಬೈದೆ.

ಬೈಯುತ್ತಲೇ ಕಾಲಿನಿಂದ ಒಂದು ಹೋಳನ್ನು ಒದ್ದೆ. ಅದು ಮಗುಚಿ ಬಿತ್ತು. ಸಿಪ್ಪೆಯ ಮೇಲೆ ಮೂರು ಬೆರಳಿನಲ್ಲಿ ಎಳೆದ ವಿಭೂತಿಯ ಮೂರು ಪಟ್ಟೆ.

ದೃಷ್ಟಿ ತೆಗೆಯುವ ಕಾಯಿಗೆ ನಮ್ಮ ಸುತ್ತಮುತ್ತ ಎಲ್ಲರೂ ಅರಿಸಿನ ಕುಂಕುಮ ಹಚ್ಚುತ್ತಾರೆ. ವಿಭೂತಿ ಬಳಿದು, ಅದಕ್ಕೊಂದು ನಮಸ್ಕಾರ ಹಾಕಿ ಒಡೆಯುವವರು ನಾನು ಕಂಡಂತೆ ಒಬ್ಬರೇ. ಒದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡೆ. ಮೂರು ದಾರಿ ಕೂಡುವಲ್ಲೇ ಒಡೆಯಬೇಕು, ಹಾಗಾದರೆ ಮಾತ್ರ ದೃಷ್ಟಿ ಹೋಗುತ್ತದೆ ಎಂಬುದು ಅವರ ಕಡೆಯ ಪದ್ಧತಿ. ಒಡೆದದ್ದನ್ನು ಯಾರೂ ತುಳಿಯುವುದಿಲ್ಲ, ಬಳಸಿಕೊಂಡು ಹೋಗುತ್ತಾರೆ ಎಂಬುದೂ ನಂಬಿಕೆಯೇ. ನಡೆದು ಹೋಗುವವರ ಮಟ್ಟಿಗೆ ಅದು ಸರಿ. ಆ ತಿರುವಿನಲ್ಲಿ ಮರಗಳ ಮರೆಯಿಂದ ಬಾಣದ ಹಾಗೆ ಬರುವವಳಿಗೆ ಬಳಸುವುದಿರಲಿ, ನೋಡುವುದಕ್ಕೂ ಪುರುಸೊತ್ತು ಸಿಗುವುದಿಲ್ಲ. ಅವರು ಅವಳನ್ನು ಯಾವಾಗಲೂ ಬುಡದಲ್ಲಿ ನಿಂತೇ ನೋಡಿದವರು.

ಮಗಳೂ ಆ ಪಟ್ಟೆಗಳನ್ನು ನೋಡಿದ್ದಳು. ಆಟೋದಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟುಕೊಂಡು ಮೆಲ್ಲಗೆ ಹೇಳಿದಳು: “ಅಮ್ಮ, ಅಜ್ಜಂಗೆ ಹೇಳ್ಬೇಡ. ನಾಯಿ ಅಡ್ಡ ಬಂತು ಅಂತೀನಿ.”

ತುಮಕೂರು ರಸ್ತೆಯ ಒಂದು ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ತೆಗೆದರು. ಕಾಲರ್ ಬೋನ್ ಎರಡು ತುಂಡು. ಆಯ್ಕೆಗೆ ಹೋಗಬಹುದಾ ಎಂದು ಮಗಳು ಕೇಳಿದ ಪ್ರಶ್ನೆಗೆ ಡಾಕ್ಟರು ನಕ್ಕರು. ಎರಡು ತಿಂಗಳು ಸೈಕಲ್ ಮುಟ್ಟುವ ಹಾಗಿಲ್ಲ ಎಂದರು. ಅವಳು ಅಳಲಿಲ್ಲ. ಭುಜ ಹಿಂದಕ್ಕೆಳೆದು ಪಟ್ಟಿ ಬಿಗಿದಾಗಲೂ ಅಳಲಿಲ್ಲ. ಅಷ್ಟು ದಿನ ಸೈಕಲ್ ಹಾಳಾಗಿಹೋಗಲಿ ಎಂದವಳು ನಾನು, ಆ ಹೊತ್ತಿಗೆ ಡಾಕ್ಟರ ಕಾಲು ಹಿಡಿಯುವುದಕ್ಕೂ ತಯಾರಿದ್ದೆ.

ಮಾವ ಪೀಣ್ಯದಿಂದ ಓಡೋಡಿ ಬಂದರು. ಪೂಜೆಯ ಕುಂಕುಮ ಇನ್ನೂ ಕೈಗೆ ಮೆತ್ತಿಕೊಂಡೇ ಇತ್ತು. ಮಗಳು ನಾಯಿಯ ಕತೆ ಹೇಳಿದಳು. ಅವರು ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ದೊಡ್ಡ ಉಸಿರು ಬಿಟ್ಟರು.

“ಜೀವಕ್ಕೇನೂ ಆಗ್ಲಿಲ್ಲಲ್ಲ ಯವ್ವಾ, ಅಷ್ಟ ಸಾಕು. ಮುಂಜಾನೆ ನಾನ ಅಲ್ಲಿ ದೃಷ್ಟಿ ತಗದು ಬಂದಿದ್ದೆ. ಅದಕ್ಕ ಇಷ್ಟರಾಗ ಹೋತು.”

ನನಗೆ ಮೈಯೆಲ್ಲ ಉರಿದುಹೋಯಿತು. ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಮಗಳು ನನ್ನನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿಕೊಂಡೆ.

ಅಷ್ಟರಲ್ಲಿ ನರ್ಸು ಬಂದು ಅವಳ ಮೊಣಕೈಯ ತರಚು ಗಾಯ ತೊಳೆಯಲು ಕೂತಳು. ಮಣ್ಣು, ಕಲ್ಲಿನ ಚೂರು ಒಂದೊಂದಾಗಿ ಚಿಮಟದಲ್ಲಿ ತೆಗೆದು ಟ್ರೇಗೆ ಹಾಕುತ್ತಿದ್ದಳು. ಒಂದನ್ನು ಬೆಳಕಿಗೆ ಹಿಡಿದು, ಇದೇನಮ್ಮ ಕುಂಬಳಕಾಯಿ ಬೀಜ ಎಂದು ನಕ್ಕು, ಅದನ್ನೂ ಟ್ರೇಗೆ ಹಾಕಿ, ಹತ್ತಿ ತರಲು ಹೋದಳು.

ಮಾವ ಟ್ರೇಯನ್ನು ನೋಡಿದರು. ಎದ್ದು ಹತ್ತಿರ ಬಂದು ಮತ್ತೆ ನೋಡಿದರು. ಅವರ ಮುಖದ ಬಣ್ಣ ಇಳಿಯುವುದನ್ನು ನೋಡುತ್ತ ನಿಂತೆ. ಆವರೆಗಿನ ನನ್ನ ಸಿಟ್ಟು ಎಲ್ಲಿ ಹೋಯಿತೋ, ಅವರನ್ನು ಅಲ್ಲಿಂದ ಕೈಹಿಡಿದು ಕರೆದುಕೊಂಡು ಹೋಗಿಬಿಡೋಣ ಅನ್ನಿಸಿತು. ಆಮೇಲೆ ಮೊಮ್ಮಗಳ ಕಡೆ ತಿರುಗಿ ಮೆತ್ತಗೆ ಕೇಳಿದರು.

“ಯಾವ ಬಣ್ಣದ್ದಿತ್ತವ್ವಾ, ಆ ನಾಯಿ?”

ಅವಳು ಚಾವಣಿಯ ಕಡೆ ನೋಡಿದಳು. ಅವಳ ತಲೆಯ ಮೇಲೆ ಇಡಲು ಮಾವ ಕೈ ಎತ್ತಿದವರು, ಅಂಗೈಯ ಕೆಂಪು ನೋಡಿ ಹಾಗೇ ಹಿಂದಕ್ಕೆ ತೆಗೆದುಕೊಂಡು ಧೋತರಕ್ಕೆ ಒರೆಸತೊಡಗಿದರು. ಅದು ಹೋಗಲಿಲ್ಲ. ಅಷ್ಟು ಹೊತ್ತು ತಡೆದುಕೊಂಡಿದ್ದ ಹುಡುಗಿ ಆಗ ಅಳಲು ಶುರುಮಾಡಿದಳು.

“ನಾಯಿ ಇರ್ಲಿಲ್ಲ ಅಜ್ಜ,” ಎಂದಳು. “ನಂಗೆ ಸೆಲೆಕ್ಷನ್‌ಗೆ ಹೋಗ್ಬೇಕಿತ್ತು.”